ಎರಡನೇ ಸರದಿಗೇ ಡಬಲ್: ನಿಮ್ಮ ಲೇಖನದ ಬಗ್ಗೆ

ಪ್ರಿಯ ಲೇಖಕರೇ,

ಇಬ್ಬರು ಕೂತು ದಾಳ ಹಾಕಿ ಕಾಯಿ ನಡೆಸುವ ಬ್ಯಾಕ್‌ಗ್ಯಾಮನ್ ಆಟದ ಬಗ್ಗೆ ಮೂಡಿಗೆರೆಯಿಂದ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ತೆಗೆಯಿರಿ. ಮಹಾಭಾರತದ ಪಗಡೆ, ಪರ್ಷಿಯಾದ ರಾಜರು, ದಾಳದ ಹುಟ್ಟು, ಇದೆಲ್ಲ ಮುಗಿಯುವಷ್ಟರಲ್ಲಿ ಓದುಗರು ಪುಟ ತಿರುಗಿಸಿರುತ್ತಾರೆ. ನಿಮ್ಮ ವಿಷಯ ಡಬ್ಲಿಂಗ್ ಕ್ಯೂಬ್, ಅಂದರೆ ಆಟದ ಪಣ ದುಪ್ಪಟ್ಟು ಮಾಡುವ ದಾಳ ಅಲ್ವಾ? ಅದು ಬಂದದ್ದು 1920ರ ದಶಕದಲ್ಲಿ, ನ್ಯೂಯಾರ್ಕಿನಲ್ಲಿ. ಇತಿಹಾಸ ಅಷ್ಟು ಸಾಕು. ಆಮೇಲೆ ಅದರ ಕೆಲಸ ಹೇಳಿ. ಆರು ಮುಖಗಳಲ್ಲಿ 2, 4, 8, 16, 32, 64. ತನ್ನ ಸರದಿಯಲ್ಲಿ ದಾಳ ಹಾಕುವ ಮೊದಲು ಆಟಗಾರ ‘ಡಬಲ್’ ಅನ್ನಬಹುದು. ಎದುರಿನವರು ಬೇಡ ಅಂದರೆ ಆಟ ಅಲ್ಲಿಗೇ ಮುಗಿದು ಒಂದು ಪಾಯಿಂಟ್ ಹೋಗುತ್ತದೆ. ಒಪ್ಪಿದರೆ ಆಟ ಎರಡು ಪಾಯಿಂಟಿಗೆ, ಕ್ಯೂಬ್ ಒಪ್ಪಿದವರ ಕೈಗೆ. ಮುಂದಿನ ಡಬಲ್ ಹೇಳುವ ಹಕ್ಕು ಅವರೊಬ್ಬರದ್ದೇ. ಈ ಕೊನೆಯ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಈಗ ಮುಖ್ಯ ತಕರಾರು. ‘ಶುರುವಿನಲ್ಲೇ ಡಬಲ್ ಅಂದರೆ ಸುಮ್ನೆ ಹೆದರಿಸುವುದು, ಕಣ್ಣು ಮುಚ್ಚಿ ಒಪ್ಪಿಕೊಳ್ಳಿ’ ಎಂದು ಬರೆದಿದ್ದೀರಿ. ಸ್ವಲ್ಪ ಮುಂದೆ ಹೋಗಿ ‘ಸೋಲುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಿ’ ಎಂದಿದ್ದೀರಿ. ಎರಡಕ್ಕೂ ಹೊಂದಾಣಿಕೆ ಇಲ್ಲ, ಎರಡೂ ತಪ್ಪು. ಲೆಕ್ಕವನ್ನು ಓದುಗರ ಕಣ್ಣೆದುರೇ ಮಾಡಿ ತೋರಿಸಿ. ಅದೇ ಸ್ಥಿತಿ ನಾಲ್ಕು ಸಲ ಬಂತು ಅಂದುಕೊಳ್ಳಿ. ನಾಲ್ಕೂ ಸಲ ಬೇಡ ಅಂದರೆ ನಾಲ್ಕು ಪಾಯಿಂಟ್ ಹೋಯಿತು. ನಾಲ್ಕೂ ಸಲ ಒಪ್ಪಿ, ಒಂದು ಗೆದ್ದು ಮೂರು ಸೋತರೆ? ಎರಡು ಬಂತು, ಆರು ಹೋಯಿತು. ಅಲ್ಲೂ ನಾಲ್ಕೇ ನಷ್ಟ. ಅಂದರೆ ನಾಲ್ಕರಲ್ಲಿ ಒಂದು ಗೆಲ್ಲುವ ಹಾಗಿದ್ದರೂ ಒಪ್ಪಬಹುದು. ಕ್ಯೂಬ್ ಕೈಯಲ್ಲಿರುವ ಅನುಕೂಲ ಸೇರಿಸಿದರೆ ಅದಕ್ಕಿಂತ ಒಂಚೂರು ಕಡಿಮೆ ಇದ್ದರೂ ನಡೆಯುತ್ತದೆ.

ಆದರೆ ಗ್ಯಾಮನ್ ಮಾತನ್ನೇ ನೀವು ಎತ್ತಿಲ್ಲ. ಒಂದು ಕಾಯಿಯೂ ಹಣ್ಣಾಗದೆ ಸೋತರೆ ಅದು ಗ್ಯಾಮನ್, ನಷ್ಟ ಮತ್ತೆ ಎರಡರಷ್ಟು. ಆ ಮೂರು ಸೋಲಿನಲ್ಲಿ ಒಂದು ಗ್ಯಾಮನ್ ಆದರೆ ಹೋಗುವುದು ಆರಲ್ಲ, ಎಂಟು. ಬಂದ ಎರಡು ಕಳೆದರೂ ಆರು ನಷ್ಟ. ಆಗ ಬೇಡ ಅನ್ನುವುದೇ ಲಾಭ. ಶುರುವಿನ ಡಬಲ್‌ನ ಅಪಾಯ ಇರುವುದು ಇಲ್ಲಿ.

ಇದಕ್ಕೆ ಬೇಕಾದ ಉದಾಹರಣೆ ನಿಮ್ಮ ಹತ್ತಿರವೇ ಇದೆ, ಮೂರನೇ ಪುಟದಲ್ಲಿ ನಾಲ್ಕು ಸಾಲಿಗೆ ಮುಗಿಸಿಬಿಟ್ಟಿದ್ದೀರಿ! ಬೆಂಗಳೂರಿಂದ ಬಂದ ದೊಡ್ಡಪ್ಪನ ಮಗ, ಹೊರಗೆ ಜಡಿಮಳೆ, ಕರೆಂಟಿಲ್ಲ. ನೀವು ಐದು-ಎರಡು ಹಾಕಿ, ಅವರ ಅಂಗಳದಲ್ಲಿದ್ದ ನಿಮ್ಮ ಹಿಂದಿನ ಜೋಡಿ ಬಿಡಿಸಿದಿರಿ. ಅವರಿಗೆ ಐದು-ಐದು ಬಿತ್ತು. ನಿಮ್ಮ ಎರಡೂ ಕಾಯಿ ಹೊಡೆದು ಬಾರ್ ಮೇಲೆ, ಅಂದರೆ ಬೋರ್ಡಿನ ನಡುಪಟ್ಟಿಯ ಮೇಲೆ ಕೂರಿಸಿದರು. ಅವರ ಕಡೆ ಒಂದು, ಮೂರು, ಆರನೇ ಮನೆ ಮುಚ್ಚಿದ್ದವು. ನಿಮಗೆ ಮೂರು-ಆರು ಬಿದ್ದು ಒಂದೂ ಇಳಿಯಲಿಲ್ಲ. 36 ಬಗೆಯಲ್ಲಿ ಹಾಗಾಗುವುದು 9 ಬಗೆಯಲ್ಲಿ ಮಾತ್ರ. ತಕ್ಷಣ ಅವರು ಕ್ಯೂಬ್ ತಳ್ಳಿದರು. ಅದು ಹೆದರಿಸುವ ಆಟವೇ ಅಲ್ಲ, ಗ್ಯಾಮನ್ ಹೆಚ್ಚಾಗಿ ಆಗುವುದು ಇಂಥ ಜಾಗದಲ್ಲೇ. ನಿಮ್ಮ ಒಂದು ಜೋಡಿ ಅವರ ಅಂಗಳದಲ್ಲಿ ಗಟ್ಟಿಯಾಗಿ ಕೂತಿದ್ದಿದ್ದರೆ ಮಾತೇ ಬೇರೆ. ಆ ಎರಡು ಸ್ಥಿತಿಗಳನ್ನು ಅಕ್ಕಪಕ್ಕ ಇಟ್ಟು ಬರೆಯಿರಿ. ಆಗ ನಿಮಗೆ ಏನು ಅನಿಸಿತು, ಏನು ಲೆಕ್ಕ ಹಾಕಿದಿರಿ, ಅದೆಲ್ಲ ಬೇಕು.

‘ಒಪ್ಪಿಕೊಂಡೆ, ಗೆದ್ದೆ, ಆದ್ದರಿಂದ ಸರಿ’ ಎಂಬ ಸಾಲು ಮಾತ್ರ ಬೇಡ. ಆಮೇಲೆ ಬಿದ್ದ ದಾಳ ನಿಮ್ಮ ತೀರ್ಮಾನಕ್ಕೆ ಸಾಕ್ಷಿ ಆಗುವುದಿಲ್ಲ. ಜಿಎನ್‌ಯು ಬ್ಯಾಕ್‌ಗ್ಯಾಮನ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಉಚಿತವಾಗಿ ಸಿಗುತ್ತದೆ. ಆ ಸ್ಥಿತಿ ಅದರಲ್ಲಿ ಜೋಡಿಸಿ, ಅದು ಹೇಳುವ ಗೆಲುವು, ಸೋಲು, ಗ್ಯಾಮನ್ ಪಾಲನ್ನು ಲೇಖನದಲ್ಲಿ ಕೊಡಿ.

‘ಒಂದು ಹೂಮಳೆ ಬಿದ್ದ ಮಾತ್ರಕ್ಕೆ ಕಾಫಿ ಫಸಲು ಕೈಗೆ ಬಂದ ಹಾಗಲ್ಲ’ ಎಂಬ ಮಾತು ಇರಲಿ, ಅದು ನಿಮ್ಮ ಊರಿನದ್ದು. ಯುದ್ಧ, ಕ್ರಿಕೆಟ್, ಚುನಾವಣೆಯ ಹೋಲಿಕೆ ಮೂರನ್ನೂ ಹೊಡೆದುಹಾಕಿ.

800 ಪದ ಮೀರದಿರಲಿ. ಬೋರ್ಡಿನ ಚಿತ್ರ ಪೆನ್ಸಿಲ್‌ನಲ್ಲಿ ಬರೆದರೂ ಸಾಕು, ಎರಡೂ ಕಡೆಯ 15 ಕಾಯಿ ಎಲ್ಲೆಲ್ಲಿವೆ ಎಂದು ಸರಿಯಾಗಿ ಗುರುತಿಸಿ. ಮಳೆಗಾಲ ಮುಗಿಯುವುದರೊಳಗೆ ಬಂದರೆ ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಸಂಪಾದಕ, ಹಾಸನ