ಗೆಳತಿಯ ಬೇಬಿ ಶವರ್‌ಗೆ ಕನ್ನಡ ಅಕ್ಷರದ ಮಗು ಬಟ್ಟೆ ಮನೆಯಲ್ಲೇ ಮಾಡಬಹುದಾ?

ಅಮೆರಿಕದಲ್ಲಿದ್ದೀರಿ, ಗೆಳತಿಯ ಬೇಬಿ ಶವರ್‌ಗೆ (ಹೆರಿಗೆಗೆ ಮೊದಲು ಉಡುಗೊರೆ ಕೊಡುವ ಸಮಾರಂಭ) ಮೂರು ವಾರ ಇದೆ, ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವ ಕನ್ನಡ ಅಕ್ಷರದ ಪುಟ್ಟ ಅಂಗಿಗಳನ್ನು ಕೊಡಬೇಕು, ಆದರೆ ಅಕ್ಷರ ಕತ್ತರಿಸುವ ಕಟಿಂಗ್ ಮಷೀನ್ ಇಲ್ಲ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ನಾನು ಟೆಕ್ಸಸ್‌ನಲ್ಲಿದ್ದೇನೆ, ಇಲ್ಲಿಯವರೆಗೆ ಐದು ಮಕ್ಕಳಿಗೆ ಮಾಡಿಕೊಟ್ಟಿದ್ದೇನೆ.

ಮೊದಲ ಸಲ ಒನ್ಸಿ (ಕಾಲ ಸಂದಿಯಲ್ಲಿ ಗುಂಡಿ ಹಾಕುವ ಮಗುವಿನ ಅಂಗಿ) ತಂದವಳೇ ಒಗೆಯದೆ ಅಂಟಿಸಿಬಿಟ್ಟೆ. ಶವರ್ ದಿನ ಎಲ್ಲರೂ ಮೆಚ್ಚಿದರು. ಎರಡು ಒಗೆತಕ್ಕೆ ಹತ್ತಿ ಬಟ್ಟೆ ಕುಗ್ಗಿತು, ಮೇಲಿನ ಅಕ್ಷರ ಕುಗ್ಗಲಿಲ್ಲ. ಎದೆ ಭಾಗ ಪೂರ್ತಿ ಸುಕ್ಕಾಯಿತು. ಆ ಮಗು ಅದನ್ನು ಹಾಕಿಕೊಂಡಿದ್ದು ಒಂದೇ ಒಂದು ಫೋಟೋಗೆ. ನನಗೆ ತುಂಬಾ ಬೇಜಾರಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಪೊಟ್ಟಣ ಬಿಚ್ಚುವ ಆ ಐದು ನಿಮಿಷ ಮನಸ್ಸಿನಲ್ಲಿಟ್ಟುಕೊಂಡು ಮಾಡಬೇಡಿ. ಮಗು ದಿನಾ ಹಾಕಿಕೊಳ್ಳುವ ಬಟ್ಟೆ ಅಂದುಕೊಂಡು ಮಾಡಿ.

ಹಾಗಾಗಿ ಮೊದಲು ಅಳತೆ. ಶವರ್‌ಗೆ ಬರುವವರಲ್ಲಿ ತುಂಬಾ ಜನ ಪುಟಾಣಿ ನ್ಯೂಬಾರ್ನ್ ಅಳತೆಯದನ್ನೇ ತರುತ್ತಾರೆ, ನೋಡೋಕೆ ಅಷ್ಟು ಮುದ್ದಾಗಿರುತ್ತದೆ ಅಲ್ವಾ? ಆದರೆ ಕೆಲವೇ ವಾರಗಳಲ್ಲಿ ಅದು ಚಿಕ್ಕದಾಗುತ್ತದೆ. ನೀವು 3–6 ತಿಂಗಳದ್ದು ಒಂದು, 6–12 ತಿಂಗಳದ್ದು ಎರಡು ತನ್ನಿ. ಹೆರಿಗೆ ಯಾವ ತಿಂಗಳು ಎಂದು ಕೇಳಿಕೊಂಡು, ಆ ಅಳತೆ ಹಿಡಿಯುವಾಗ ಚಳಿಯೋ ಸೆಕೆಯೋ ಲೆಕ್ಕ ಹಾಕಿ ತೋಳು ಆರಿಸಿ. ನೂರಕ್ಕೆ ನೂರು ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಇಸ್ತ್ರಿಯ ಕಾವಿಗೆ ಹಾಳಾಗಬಹುದು. ಹೆಗಲ ಮೇಲೆ ಬಟ್ಟೆ ಒಂದರ ಮೇಲೊಂದು ಮಡಚಿಕೊಂಡಿರುವ ಕತ್ತಿನದ್ದನ್ನು ತೆಗೆದುಕೊಳ್ಳಿ. ಡೈಪರ್ ಸೋರಿದಾಗ ಅದನ್ನು ತಲೆಯ ಮೇಲಿಂದ ಎಳೆಯದೆ ಕೆಳಗೆ ಜಾರಿಸಿ ತೆಗೆಯಬಹುದು. ತಂದ ಮೇಲೆ ಸಾಫ್ಟನರ್ ಹಾಕದೆ ಒಗೆದು ಡ್ರೈಯರ್‌ನಲ್ಲಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ. ಸಾಫ್ಟನರ್ ಬಟ್ಟೆಯ ಮೇಲೆ ಪದರ ಬಿಡುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಅಂಟಿಸಲು ಎರಡು ದಾರಿ ಇದೆ. ಒಂದು ಟ್ರಾನ್ಸ್‌ಫರ್ ಪೇಪರ್. ಮನೆಯ ಪ್ರಿಂಟರ್‌ನಲ್ಲೇ ಚಿತ್ರ ತೆಗೆದು ಇಸ್ತ್ರಿ ಹಾಕುವುದು. ಇಂಕ್‌ಜೆಟ್‌ಗೆ ಬೇರೆ ಪೇಪರ್, ಲೇಸರ್‌ಗೆ ಬೇರೆ. ತಿಳಿ ಬಣ್ಣದ ಬಟ್ಟೆಗೆ ಬೇರೆ, ಗಾಢ ಬಣ್ಣಕ್ಕೆ ಬೇರೆ. ತಿಳಿ ಬಟ್ಟೆಯ ಪೇಪರ್‌ನಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು. ಗಾಢ ಬಟ್ಟೆಯದರಲ್ಲಿ ನೇರವಾಗೇ ಇರುತ್ತದೆ. ಇನ್ನೊಂದು ದಾರಿ ಹೀಟ್ ಟ್ರಾನ್ಸ್‌ಫರ್ ವಿನೈಲ್, ಅಂದರೆ ಬಿಸಿಗೆ ಬಟ್ಟೆಗೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ. ಅಕ್ಷರವನ್ನು ಉಲ್ಟಾ ಕತ್ತರಿಸಿ, ಬೇಡದ ಭಾಗ ಕಿತ್ತು ತೆಗೆದು ಒತ್ತುವುದು. ಟ್ರಾನ್ಸ್‌ಫರ್ ಪೇಪರ್ ಸುಲಭ, ಆದರೆ ಒಗೆದ ಹಾಗೆ ಬಣ್ಣ ಮಾಸುತ್ತದೆ, ಬಿರುಕೂ ಬಿಡುತ್ತದೆ. ನನ್ನ ಮಾತು ಕೇಳುವುದಾದರೆ ವಿನೈಲ್‌ನಲ್ಲೇ ಮಾಡಿ. ಮಷೀನ್ ಇಲ್ಲ ಎಂದು ಬಿಡಬೇಡಿ. ಇಲ್ಲಿನ ಎಷ್ಟೋ ಪಬ್ಲಿಕ್ ಲೈಬ್ರರಿಗಳ ಮೇಕರ್‌ಸ್ಪೇಸ್‌ನಲ್ಲಿ (ಕೈಕೆಲಸದ ಯಂತ್ರಗಳಿರುವ ಕೋಣೆ) ಕ್ರಿಕಟ್ ಎಂಬ ಕಟಿಂಗ್ ಮಷೀನ್ ಇದೆ, ಮೊದಲೇ ಹೆಸರು ಬರೆಸಿ ಬಳಸಬಹುದು. ನಿಮ್ಮ ಊರಿನ ಲೈಬ್ರರಿಗೆ ಇವತ್ತೇ ಫೋನ್ ಮಾಡಿ. ಅದೂ ಆಗದಿದ್ದರೆ ಆನೆ, ಮೋಡ, ಚಂದ್ರನಂಥ ಸರಳ ಆಕಾರಗಳನ್ನು ಕತ್ತರಿಯಲ್ಲೇ ಕತ್ತರಿಸಬಹುದು.

ಇನ್ನು ಕನ್ನಡ ಅಕ್ಷರ. ಸಾಮಾನ್ಯ ವಿಡಿಯೋಗಳಲ್ಲಿ ಇದನ್ನು ಹೇಳಿಕೊಡುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಷೀನ್‌ನ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಬಿಡಿ ಬಿಡಿಯಾಗಿ ಕೂರುವುದುಂಟು. ಬೇರೆ ಕಡೆ ಬರೆದು, ಚಿತ್ರವಾಗಿ ಉಳಿಸಿಕೊಂಡು ಹಾಕಿ. ಫಾಂಟ್ ದಪ್ಪ ಇರಬೇಕು. ನಾನು ಬಳಸುವುದು ಬಲೂ ತಮ್ಮ, ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ದುಂಡಗೆ, ಮಕ್ಕಳ ಬಟ್ಟೆಗೆ ಹೇಳಿ ಮಾಡಿಸಿದ ಹಾಗಿದೆ. ತೆಳು ಫಾಂಟ್ ಆದರೆ ಒತ್ತಕ್ಷರದ ಬಾಲ ಮೊದಲ ಒಗೆತಕ್ಕೇ ಎದ್ದು ಬರುತ್ತದೆ. 'ಕಂದ' ಎಂದು ಬರೆದರೆ ಸೊನ್ನೆಯ ಒಳಗಿನ ಚೂರನ್ನು ಮರೆಯದೆ ಸೂಜಿಯಿಂದ ಎತ್ತಿ ತೆಗೆಯಬೇಕು.

ಉಲ್ಟಾ ಮಾಡುವಾಗ ತುಂಬಾ ಎಚ್ಚರ ಇರಲಿ. ನಮ್ಮ ಅಕ್ಷರ ದುಂಡಗಿರುವುದರಿಂದ ತಿರುಗಿದ್ದರೂ ಒಂದೇ ನೋಟಕ್ಕೆ ತಿಳಿಯುವುದಿಲ್ಲ. ಒಮ್ಮೆ ನಾನು ಕಂಪ್ಯೂಟರ್‌ನಲ್ಲಿ ಉಲ್ಟಾ ಮಾಡಿದ್ದೆ, ಪ್ರಿಂಟರ್‌ನ ಟೀ ಶರ್ಟ್ ಸೆಟ್ಟಿಂಗ್ ಕೂಡ ಉಲ್ಟಾ ಮಾಡಿತ್ತು. ಎರಡು ಸಲ ತಿರುಗಿ ಪೇಪರ್ ಮೇಲೆ ನೇರವಾಗಿ ಬಂತು, ಬಟ್ಟೆಯ ಮೇಲೆ ತಿರುಗಿ ಕೂತಿತು. ಮೊದಲು ಸಾದಾ ಹಾಳೆಯಲ್ಲಿ ತೆಗೆದು ಕನ್ನಡಿ ಮುಂದೆ ಹಿಡಿದು ಓದಿ.

ಏನು ಬರೆಯುವುದು? ಮಗುವಿನ ಮಾತನ್ನೇ ಬರೆಯಿರಿ. ನಾನು ಮೂರು ಅಂಗಿಗಳ ಸೆಟ್ ಮಾಡುತ್ತೇನೆ: 'ಮಮ್ಮು', 'ತಾಚಿ', 'ಟಾಟಾ'. ಊರಿಂದ ಬಾಣಂತನಕ್ಕೆ ಬಂದ ಅಜ್ಜಿಯೊಬ್ಬರು 'ತಾಚಿ' ಅಂಗಿ ನೋಡಿ ಕಣ್ಣು ತುಂಬಿಕೊಂಡರು. ಹೆಸರು ಬೇಡ, ಇನ್ನೂ ಇಟ್ಟಿರುವುದಿಲ್ಲ.

ಇಸ್ತ್ರಿ ಹಾಕುವಾಗ ಪೆಟ್ಟಿಗೆಯಲ್ಲಿ ನೀರು ಇರಲೇಬಾರದು. ಇಸ್ತ್ರಿ ಬೋರ್ಡ್ ಮೆತ್ತಗಿರುತ್ತದೆ, ಒತ್ತಡ ನಿಲ್ಲುವುದಿಲ್ಲ. ಗಟ್ಟಿ ಮೇಜಿನ ಮೇಲೆ ದಿಂಬಿನ ಕವರ್ ಹಾಸಿಕೊಳ್ಳಿ. ಒನ್ಸಿಯ ಗುಂಡಿಗಳು, ಹೊಲಿಗೆಯ ದಪ್ಪ ಭಾಗ ಮೇಜಿನ ಆಚೆ ಇಳಿಬಿದ್ದಿರಲಿ. ವಿನೈಲ್‌ಗೆ ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಆದರೂ ಪ್ಯಾಕೆಟ್ ಮೇಲೆ ಬರೆದಿದ್ದೇ ಕೊನೆಯ ಮಾತು. ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಮೈಭಾರ ಹಾಕಿ ಒತ್ತಿ, ಪೆಟ್ಟಿಗೆಯನ್ನು ಎಳೆದಾಡಬೇಡಿ. ಎತ್ತಿ, ಪಕ್ಕಕ್ಕಿಟ್ಟು, ಮತ್ತೆ ಒತ್ತಿ.

ಮಗುವಿನ ಚರ್ಮದ ವಿಷಯ ಸಣ್ಣದಲ್ಲ. ಪಾಲಿಯುರೆಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್‌ನ ವಿನೈಲ್ ತೆಗೆದುಕೊಳ್ಳಿ. ಹಾನಿಕರ ರಾಸಾಯನಿಕಗಳಿಗಾಗಿ ಪರೀಕ್ಷೆ ಮಾಡಿ ಕೊಡುವ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಗುರುತು ಇದ್ದರೆ ಅದರಲ್ಲಿ ಮೊದಲ ವರ್ಗದ್ದೇ ಎಂದು ನೋಡಿ, ಅದು 3 ವರ್ಷದವರೆಗಿನ ಮಕ್ಕಳ ಬಟ್ಟೆಗೆ. ಎದೆ ತುಂಬಾ ದೊಡ್ಡ ಚೌಕ ಅಂಟಿಸಬೇಡಿ, ಗಾಳಿ ಆಡುವುದಿಲ್ಲ, ಗಟ್ಟಿಯಾಗಿ ನಿಲ್ಲುತ್ತದೆ. ಮಗುವಿನ ಅಂಗೈಯಗಲ ಸಾಕು. ಬೆನ್ನಿಗೆ ಬೇಡವೇ ಬೇಡ, ಮಗು ಮಲಗುವುದೇ ಅದರ ಮೇಲೆ. ಹೊಳೆಯುವ ಕಲ್ಲು, ಮಣಿ, ಗೆಜ್ಜೆ ಒಂದನ್ನೂ ಹಚ್ಚಬೇಡಿ. ಕಿತ್ತು ಬಂದರೆ ಸೀದಾ ಬಾಯಿಗೆ ಹೋಗುತ್ತದೆ.

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹುಟ್ಟುವ ಮೊದಲು ಮಗುವಿಗೆ ಹೊಸ ಬಟ್ಟೆ ತರುವುದಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ. ಇಲ್ಲಿ ಶವರ್ ಮಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಆ ಭಾವನೆ ಹೋಗಿದೆ ಎಂದುಕೊಳ್ಳಬೇಡಿ. ನಿಮ್ಮ ಗೆಳತಿಯನ್ನೋ ಅವರ ಅಮ್ಮನನ್ನೋ ಮೆಲ್ಲಗೆ ಕೇಳಿ. ಹಿಂಜರಿದರೆ ಶವರ್‌ಗೆ ಗೆಳತಿಗೇ ಬೇಕಾದ್ದೇನಾದರೂ ಕೊಡಿ. ಅಂಗಿಗಳನ್ನು ನಾಮಕರಣಕ್ಕೆ ಎತ್ತಿಡಿ, ಆಗ ಹೆಸರನ್ನೂ ಸೇರಿಸಬಹುದು.

ಕೊಡುವಾಗ ಒಂದು ಚೀಟಿ ಇಡಿ: ಒಳಮೈ ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಿರಿ, ಅಕ್ಷರದ ಮೇಲೆ ಇಸ್ತ್ರಿ ಬೇಡ, ಡ್ರೈಯರ್ ಆದರೆ ಕಡಿಮೆ ಬಿಸಿ. ಕೆಲಸವನ್ನು ಶವರ್‌ಗೆ ಒಂದು ವಾರ ಇರುವಾಗಲೇ ಮುಗಿಸಿ. ಅಂಟಿಸಿ ಒಂದು ದಿನ ಬಿಟ್ಟು ನೀವೇ ಒಮ್ಮೆ ಒಗೆದು ನೋಡಿ. ಅಂಚು ಎದ್ದಿದ್ದರೆ ಮತ್ತೆ ಒತ್ತಲು ಆಗ ನಿಮ್ಮ ಹತ್ತಿರ ಸಮಯ ಇರುತ್ತದೆ.