ಸಿಡಿ ಕೊಳ್ಳಲೋ, ಡೌನ್‌ಲೋಡ್ ಕೊಳ್ಳಲೋ? ಅದಕ್ಕೂ ಮೊದಲು, ಇರುವ ಸಿಡಿಗಳನ್ನು ಯಾರಿಗೂ ಕೊಡಬೇಡಿ

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿದ ಕೂಡಲೇ ಇದನ್ನು ಬರೆಯಲು ಕೂತೆ. ಮುಂದೆ ಸಿಡಿ ಕೊಳ್ಳಬೇಕೋ ಡೌನ್‌ಲೋಡ್ ಕೊಳ್ಳಬೇಕೋ ಎಂದು ಕೇಳಿ, ಕೊನೆಗೆ "ಹೇಗೂ ಜಾಗ ಇಲ್ಲ, ಇರುವ 200 ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಯಾರಿಗಾದರೂ ಕೊಟ್ಟುಬಿಡೋಣ ಅಂತಿದ್ದೇನೆ" ಎಂದು ಸೇರಿಸಿದ್ದೀರಿ. ದಯವಿಟ್ಟು ಕೊಡಬೇಡಿ. 2005ರಲ್ಲಿ ನಾನು ಅದನ್ನೇ ಮಾಡಿದೆ. ಅವತ್ತು ಹೋದದ್ದರಲ್ಲಿ ಬಹುಪಾಲು ಇವತ್ತಿಗೂ ವಾಪಸ್ ಸಿಕ್ಕಿಲ್ಲ.

ಆಗ ನನ್ನ ಹತ್ತಿರ 340 ಸಿಡಿಗಳಿದ್ದವು, ಹನ್ನೆರಡು ವರ್ಷ ಒಂದೊಂದಾಗಿ ಕೂಡಿಸಿಟ್ಟವು. ಮನೆ ಬದಲಾಯಿಸುವ ಹೊತ್ತು, ಹೋಗುವ ಮನೆ ಚಿಕ್ಕದು. ದಿನಾ ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತು ಹತ್ತು ಹನ್ನೆರಡು ಸಿಡಿ ರಿಪ್ ಮಾಡುತ್ತಿದ್ದೆ, ಅಂದರೆ ಹಾಡುಗಳನ್ನು ಫೈಲುಗಳಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೆ. ಒಂದು ತಿಂಗಳು ಹಿಡಿಯಿತು. ಮುಗಿದ ಮೇಲೆ ಸಿಡಿಗಳನ್ನೆಲ್ಲ ಐದು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಸಂಗೀತವೆಂದರೆ ಪ್ರಾಣ ಬಿಡುವ ಪರಿಚಯದವರೊಬ್ಬರಿಗೆ ಕೊಟ್ಟೆ. ಅವರಿಗೆ ಸಂತೋಷ, ನನಗೆ ನಿರಾಳ. ಹಾಡುಗಳೆಲ್ಲ ನನ್ನ ಹತ್ತಿರವೇ ಇವೆ, ಹೋದದ್ದು ಬರೀ ಪ್ಲಾಸ್ಟಿಕ್ ಎಂದುಕೊಂಡೆ.

ಎಡವಿದ್ದು ಎಲ್ಲಿ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಕಾಲಿಡುವ ಹಾಗೆ ಕಾಣುತ್ತಿದೆ.

ನಾನು ಬಳಸಿದ ಸಾಫ್ಟ್‌ವೇರಿನಲ್ಲಿ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಎನ್ನುವುದು ಮೊದಲೇ ಆಯ್ಕೆಯಾಗಿತ್ತು. ಅದನ್ನು ಮುಟ್ಟಲಿಲ್ಲ. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂದು ಬರೆದಿರುತ್ತಾರೆ. ಗುಣಿಸಿ ನೋಡಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ನಾನು ಉಳಿಸಿಕೊಂಡದ್ದು 128, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಉಳಿದದ್ದನ್ನು "ಇದು ಕಿವಿಗೆ ಗೊತ್ತಾಗುವುದಿಲ್ಲ" ಎಂಬ ಲೆಕ್ಕದ ಮೇಲೆ ಸಾಫ್ಟ್‌ವೇರ್ ಎಸೆದುಬಿಡುತ್ತದೆ. ಲೆಕ್ಕ ಜಾಣತನದ್ದೇ, ಸಾಮಾನ್ಯ ಸ್ಪೀಕರಿನಲ್ಲಿ ನಿಜಕ್ಕೂ ಗೊತ್ತಾಗುವುದಿಲ್ಲ. ಆದರೆ ಅಷ್ಟು ಕಡಿಮೆ ಬಿಟ್‌ರೇಟಿನಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ ಕತ್ತರಿಸಿರುತ್ತಾರೆ. ಸಿಂಬಲ್‌ಗಳ ಝೇಂಕಾರ, ಸಭೆಯ ಚಪ್ಪಾಳೆ, ತಂತಿಯ ಮೇಲೆ ಬಿಲ್ಲು ಉಜ್ಜುವ ಸದ್ದು, ಇವೆಲ್ಲ ನೀರೊಳಗಿಂದ ಕೇಳಿದ ಹಾಗೆ ಆಗುತ್ತವೆ. ಒಮ್ಮೆ ಅದು ಕಿವಿಗೆ ಬಿತ್ತೆಂದರೆ ಮತ್ತೆ ಕೇಳಿಸದೇ ಇರುವುದಿಲ್ಲ.

ಜಾಗ ಉಳಿಸಲು ಹಾಗೆ ಮಾಡಿದೆನೇ ಎಂದು ಕೇಳಬಹುದು. ನನ್ನ ಹಾರ್ಡ್‌ಡಿಸ್ಕ್ 80 ಜಿಬಿ. ಎಂಪಿ3ಯಲ್ಲಿ ಇಡೀ ಸಂಗ್ರಹ ಸುಮಾರು 20 ಜಿಬಿಗೆ ಮುಗಿಯಿತು. ಒಂದು ಬಿಟ್ ಕೂಡ ಕಳೆಯದೆ ಸಂಗೀತವನ್ನು ಕುಗ್ಗಿಸುವ ಫ್ಲಾಕ್ ಎಂಬ ರೂಪ 2001ರಲ್ಲೇ ಬಂದಿತ್ತು, ಉಚಿತವೂ ಆಗಿತ್ತು. ಅದರಲ್ಲಿ ಹಾಕಿದ್ದರೆ 120 ಜಿಬಿ ಆಗುತ್ತಿತ್ತು. ಇನ್ನೊಂದು ಹಾರ್ಡ್‌ಡಿಸ್ಕ್ ಬೇಕಾಗುತ್ತಿತ್ತು, ಅಷ್ಟೇ. ಹನ್ನೆರಡು ವರ್ಷದ ಸಂಗ್ರಹ ಒಂದು ಹಾರ್ಡ್‌ಡಿಸ್ಕ್ ಕೊಳ್ಳದೇ ಹೋದದ್ದರಿಂದ ಹೋಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಎಂಪಿ3 ದನಿಯನ್ನು 1,152 ಅಳತೆಗಳ ತುಂಡುಗಳಾಗಿ ಕಟ್ಟುತ್ತದೆ. ಟ್ರ್ಯಾಕಿನ ಮೊದಲಿಗೂ ಕೊನೆಗೂ ತುಂಡು ಭರ್ತಿಯಾಗಲಿ ಎಂದು ಚೂರು ಮೌನ ಸೇರುತ್ತದೆ. ಬಿಡಿ ಹಾಡುಗಳಲ್ಲಿ ತೊಂದರೆಯಿಲ್ಲ. ಆದರೆ ಕಛೇರಿಯ ಮುದ್ರಣದಲ್ಲಿ ಒಂದು ಟ್ರ್ಯಾಕ್ ಮುಗಿದು ಇನ್ನೊಂದು ಶುರುವಾಗುವಾಗ ಸಂಗೀತ ನಿಂತಿರುವುದಿಲ್ಲ. ಸಿಡಿಯಲ್ಲಿ ಅದು ಅಖಂಡವಾಗಿ ಹರಿಯುತ್ತದೆ, ನನ್ನ ಫೈಲುಗಳಲ್ಲಿ ಪ್ರತಿ ಸಲವೂ ಅಲ್ಲಿ ತಡವರಿಸುತ್ತದೆ. ಆ ಮೌನ ಎಷ್ಟಿದೆ ಎಂದು ಫೈಲಿನಲ್ಲೇ ಬರೆದಿಟ್ಟು ಅದನ್ನು ದಾಟಿ ನುಡಿಸುವ ಉಪಾಯ ಉಂಟು. ನನ್ನ ಸಾಫ್ಟ್‌ವೇರ್ ಅದನ್ನು ಬರೆದಿರಲಿಲ್ಲ.

ಮೂರನೆಯದು, ಬೇಗ ಆಗಲಿ ಎಂದು ವೇಗದ ಕ್ರಮದಲ್ಲಿ ರಿಪ್ ಮಾಡಿದ್ದೆ. ಗೀರು ಬಿದ್ದ ಕಡೆ ಡ್ರೈವ್ ಓದಲಾಗದೆ ಊಹಿಸಿ ತುಂಬಿದ್ದನ್ನೇ ಸಾಫ್ಟ್‌ವೇರ್ ಸರಿ ಎಂದು ಬರೆದುಕೊಂಡಿತು. ಮೂವತ್ತಕ್ಕೂ ಹೆಚ್ಚು ಸಿಡಿಗಳ ಫೈಲುಗಳಲ್ಲಿ ಚಟ್ ಚಟ್ ಎನ್ನುವ ಸದ್ದಿದೆ. ರಿಪ್ ಆದ ಮೇಲೆ ಒಂದನ್ನಾದರೂ ಪೂರ್ತಿ ಕೇಳಿ ನೋಡಿದೆನೇ? ಇಲ್ಲ. ಫೋಲ್ಡರಿನಲ್ಲಿ ಹೆಸರುಗಳು ಕಂಡವು, ಸಾಕೆನಿಸಿತು.

ಸಿಡಿಗಳು ಕೈಯಲ್ಲಿದ್ದಿದ್ದರೆ ಈ ಮೂರರಲ್ಲಿ ಯಾವುದಕ್ಕೂ ನಾನು ಇಂದು ಕೊರಗುತ್ತಿರಲಿಲ್ಲ. ಇನ್ನೊಂದು ತಿಂಗಳು ಕೂತು ಮತ್ತೆ ರಿಪ್ ಮಾಡುತ್ತಿದ್ದೆ. ನಕಲು ಸರಿಯಿದೆಯೇ ಎಂದು ನೋಡುವ ಮೊದಲೇ ಮೂಲವನ್ನು ಮನೆಯಿಂದಾಚೆ ಕಳಿಸಿದೆನಲ್ಲ, ಅದೇ ತಪ್ಪು.

ಗೊತ್ತಾದದ್ದು 2011ರಲ್ಲಿ, ಒಳ್ಳೆಯ ಹೆಡ್‌ಫೋನ್ ಕೊಂಡಾಗ. ನನಗೆ ತೀರಾ ಹತ್ತಿರವಾದ ಒಂದು ಪಿಟೀಲು ಕಛೇರಿ ಇತ್ತು. ಅದರಲ್ಲಿ ಬಹಳ ಹೊತ್ತು ಪಿಟೀಲೊಂದೇ ನುಡಿದು, ಆಮೇಲೆ ತಾಳವಾದ್ಯ ಮೆಲ್ಲಗೆ ಬಂದು ಸೇರುತ್ತದೆ. ಆ ಸೇರುವ ಜಾಗದಲ್ಲೇ ಟ್ರ್ಯಾಕ್ ಬದಲಾಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೊದಲು ಕೇಳಿದ್ದು ಅದನ್ನೇ. ಬಿಲ್ಲಿನ ಸದ್ದು ಮಸುಕು, ಸೇರುವ ಕ್ಷಣದಲ್ಲಿ ಒಂದು ತೂತು. ಅವತ್ತು ರಾತ್ರಿ ಒಂದರ ಹಿಂದೆ ಒಂದು ಫೋಲ್ಡರ್ ತೆರೆದು ಕೇಳುತ್ತ ಹೋದೆ, ಬೆಳಗಾಗುವವರೆಗೆ.

ಸಿಡಿ ಪಡೆದಿದ್ದವರನ್ನು ಕೇಳಿದೆ. ಅವರು ತಮಗೆ ಬೇಕಾದವನ್ನು ಇಟ್ಟುಕೊಂಡು ಉಳಿದವನ್ನು ಅಷ್ಟು ಹೊತ್ತಿಗೆ ಹಂಚಿಬಿಟ್ಟಿದ್ದರು. ಅವರದೇನೂ ತಪ್ಪಿಲ್ಲ, ಕೊಟ್ಟವನು ನಾನು. ಹಳೆಯ ಸಿಡಿ ಮಾರುವವರ ಹತ್ತಿರ ಹುಡುಕಿ ಹುಡುಕಿ ಈವರೆಗೆ 57 ಮತ್ತೆ ಕೊಂಡಿದ್ದೇನೆ. ಆ ಪಿಟೀಲಿನದು ಡೌನ್‌ಲೋಡಿಗೆ ಸಿಕ್ಕಿತು, ಅದೂ ಫ್ಲಾಕ್‌ನಲ್ಲಿ. ಎಷ್ಟು ಆಸೆಯಿಂದ ತೆರೆದೆ ಎಂದರೆ! ಅದು ರೀಮಾಸ್ಟರ್, ಅಂದರೆ ಹಳೆಯ ಮುದ್ರಣವನ್ನು ಮತ್ತೆ ತಿದ್ದಿ ಹೊರಡಿಸಿದ್ದು. ಮೆಲ್ಲಗಿದ್ದ ಭಾಗವನ್ನು ಎತ್ತಿ, ಜೋರಾಗಿದ್ದುದನ್ನು ಒತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿದ್ದರು. ತಾಳವಾದ್ಯ ಮೆಲ್ಲಗೆ ಬರುವುದು ಹೋಗಿ ಧುಮ್ಮೆಂದು ಬರುತ್ತದೆ. ನಡುವಿನ ಚಪ್ಪಾಳೆಯನ್ನೂ ತೆಗೆದುಹಾಕಿದ್ದಾರೆ. ಫೈಲು ನಿಷ್ಕಳಂಕವಾಗಿದೆ, ನಾನು ಕಳಕೊಂಡ ಕಛೇರಿ ಅದರಲ್ಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿಡಿಯೋ ಡೌನ್‌ಲೋಡೋ ಎಂದು ನೀವು ಕೇಳುತ್ತಿರುವುದೇ ನನಗೆ ಒಪ್ಪಿಗೆಯಿಲ್ಲ. ಸಿಡಿಯಲ್ಲಿರುವುದೂ ಅಂಕಿಗಳೇ, ಫ್ಲಾಕ್ ಫೈಲಿನಲ್ಲಿರುವುದೂ ಅವೇ. ಒಂದೇ ಮಾಸ್ಟರಿನಿಂದ (ನಕಲುಗಳನ್ನೆಲ್ಲ ತೆಗೆಯುವ ಅಂತಿಮ ಮೂಲ ಪ್ರತಿಯಿಂದ) ಬಂದಿದ್ದರೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಕೊಳ್ಳುವಾಗ ಕೇಳಬೇಕಾದದ್ದು ಬೇರೆ: ಏನನ್ನಾದರೂ ಎಸೆದಿದ್ದಾರೆಯೇ, ನಕಲು ಮಾಡದಂತೆ ಬೀಗ ಹಾಕಿದ್ದಾರೆಯೇ, ಇದು ಯಾವ ಮಾಸ್ಟರ್?

ಬೀಗದ ಮಾತು ಹಳೆಯದೆನಿಸಬಹುದು. 2003ರಲ್ಲಿ ಆ್ಯಪಲ್ ಕಂಪನಿ ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಅಂಗಡಿ ತೆರೆದಾಗ ಅಲ್ಲಿ ಕೊಂಡ ಹಾಡುಗಳು 128 ಕೆಬಿಪಿಎಸ್‌ನವು, ಮೇಲೊಂದು ಬೀಗ. 2009ರ ಹೊತ್ತಿಗೆ ಎಲ್ಲ ಹಾಡುಗಳ ಬೀಗ ತೆಗೆದು 256ಕ್ಕೆ ಏರಿಸಿದರು. ಇವತ್ತು ಕೊಳ್ಳುವ ಫೈಲುಗಳಿಗೆ ಸಾಮಾನ್ಯವಾಗಿ ಬೀಗವಿಲ್ಲ. ಆದರೆ ತಿಂಗಳ ಚಂದಾದ ಆ್ಯಪ್‌ನಲ್ಲಿ "ಡೌನ್‌ಲೋಡ್" ಒತ್ತಿ ಇಳಿಸಿಕೊಂಡದ್ದನ್ನು ಕೊಂಡದ್ದೆಂದು ಎಣಿಸಬೇಡಿ. ಚಂದಾ ನಿಂತ ದಿನ ಅದೂ ನಿಲ್ಲುತ್ತದೆ.

ನಾನೀಗ ಮಾಡುವುದು ಹೀಗೆ. ಕಳೆದುಹೋದರೆ ಸಂಕಟವಾಗುವಂಥದ್ದನ್ನು ಸಿಡಿಯಲ್ಲೇ ಕೊಳ್ಳುತ್ತೇನೆ, ಸಾಧ್ಯವಿದ್ದರೆ ಹಳೆಯ ಮುದ್ರಣವನ್ನೇ ಹುಡುಕಿ. ತಂದ ದಿನವೇ ಫ್ಲಾಕ್‌ಗೆ ರಿಪ್ ಮಾಡುತ್ತೇನೆ. ಇಗ್ಸಾಕ್ಟ್ ಆಡಿಯೋ ಕಾಪಿ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಅಕ್ಯುರೇಟ್‌ರಿಪ್ ಎಂಬ ದಾಖಲೆಯ ಜೊತೆ ಹೋಲಿಸಿ, ಅದೇ ಸಿಡಿಯನ್ನು ರಿಪ್ ಮಾಡಿದ ಬೇರೆಯವರಿಗೂ ಇದೇ ಫಲಿತಾಂಶ ಬಂದಿತ್ತೇ ಎಂದೂ ಹೇಳುತ್ತದೆ. ನನ್ನ ಕಾಲಕ್ಕೆ ಇದೂ ಇತ್ತು, ನಾನು ವಿಚಾರಿಸಲಿಲ್ಲ. ಉಳಿದ ಸಂಗೀತವನ್ನೆಲ್ಲ ಫ್ಲಾಕ್ ಡೌನ್‌ಲೋಡಾಗಿಯೇ ಕೊಳ್ಳುತ್ತೇನೆ, ಅದರಲ್ಲಿ ನನಗೆ ಯಾವ ಬೇಸರವೂ ಇಲ್ಲ. ಎಂಪಿ3ಗೆ ಮಾತ್ರ ಇನ್ನು ದುಡ್ಡು ಕೊಡುವುದಿಲ್ಲ. 24 ಬಿಟ್, 96 ಕಿಲೋಹರ್ಟ್ಸ್ (ಸೆಕೆಂಡಿಗೆ 96,000 ಅಳತೆ) ಎಂದು ಹೆಚ್ಚು ಬೆಲೆಗೆ ಮಾರುವುದನ್ನೂ ನಾನು ಕೊಳ್ಳುವುದಿಲ್ಲ. ಸಿಡಿಯ 44,100 ಅಳತೆಗಳಲ್ಲಿ 22,000 ಹರ್ಟ್ಸ್‌ವರೆಗಿನ ದನಿ ಹಿಡಿಯುತ್ತದೆ. ಮನುಷ್ಯನ ಕಿವಿ 20,000ಕ್ಕೆ ನಿಲ್ಲುತ್ತದೆ, ವಯಸ್ಸಾದಂತೆ ಇನ್ನೂ ಕೆಳಗೆ.

ಸಿಡಿ ಇದ್ದರೆ ಬ್ಯಾಕಪ್ ಬೇಡ ಎಂದುಕೊಳ್ಳಬೇಡಿ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಸಿಡಿಯಲ್ಲಿ ಅಲ್ಯೂಮಿನಿಯಂ ಪದರ ಇರುವುದು ಹೆಸರು ಮುದ್ರಿಸಿದ ಬದಿಯಲ್ಲಿ, ತೆಳು ಲೇಪದ ಕೆಳಗೇ. ನಾವೆಲ್ಲ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತೇವೆ, ವಾಸಿಯಾಗದ ಗಾಯ ಆಗುವುದು ಹೆಸರಿನ ಕಡೆ. ಮನೆಯಲ್ಲಿ ಬರೆದ ಸಿಡಿಗಳು ಇನ್ನೂ ನಾಜೂಕು, ಅವುಗಳಲ್ಲಿರುವುದು ಬಣ್ಣದ ಪದರ, ಬೆಳಕಿಗೂ ಶಾಖಕ್ಕೂ ಕೆಡುತ್ತದೆ. ಕೆಳಗಿನ ಬದಿ ಹಸಿರೋ ನೀಲಿಯೋ ಕಂಡರೆ ಅಂಥದ್ದನ್ನು ಮೊದಲು ರಿಪ್ ಮಾಡಿ. ಫೈಲುಗಳು ಎರಡು ಹಾರ್ಡ್‌ಡಿಸ್ಕ್‌ನಲ್ಲಿರಲಿ, ಒಂದು ಬೇರೆ ಮನೆಯಲ್ಲಿದ್ದರೆ ಒಳ್ಳೆಯದು. ಎರಡನ್ನೂ ತಾನಾಗಿ ಸಿಂಕ್ ಆಗಲು ಬಿಟ್ಟರೆ ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ, ಅದು ಬ್ಯಾಕಪ್ ಅಲ್ಲ.

ಉಳಿದದ್ದು ನಿಮ್ಮ ಜಾಗದ ಸಮಸ್ಯೆ. ಅಳೆದು ನೋಡಿ: ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯ ದಪ್ಪ ಸುಮಾರು 10 ಮಿಲಿಮೀಟರ್. 200 ಸಿಡಿ ಎಂದರೆ ಎರಡು ಮೀಟರ್ ಕಪಾಟು. ಸಿಡಿಯ ದಪ್ಪ ಬರೀ 1.2 ಮಿಲಿಮೀಟರ್, ಮಿಕ್ಕದ್ದೆಲ್ಲ ಡಬ್ಬಿ ಮತ್ತು ಗಾಳಿ. ಸಿಡಿಯನ್ನೂ ಒಳಗಿನ ಪುಸ್ತಿಕೆಯನ್ನೂ ಹಿಂದಿನ ಹಾಳೆಯನ್ನೂ ಒಟ್ಟಿಗೆ ತೆಳು ಲಕೋಟೆಗೆ ಹಾಕಿ (ಪುಸ್ತಿಕೆ ಬಿಸಾಡಬೇಡಿ, ಯಾರು ಏನು ನುಡಿಸಿದರೆಂಬುದು ಎಷ್ಟೋ ಸಲ ಅದೊಂದರಲ್ಲೇ ಇರುತ್ತದೆ), ಡಬ್ಬಿಗಳನ್ನು ಮಾತ್ರ ಕಳಿಸಿ. 200 ಸಿಡಿಗಳೂ ಅರ್ಧ ಮೀಟರ್ ಚಿಲ್ಲರೆಯಲ್ಲಿ ಕೂರುತ್ತವೆ. ನನ್ನ 57 ಈಗ ಒಂದೇ ಒಂದು ಚಪ್ಪಲಿ ಡಬ್ಬಿಯಲ್ಲಿವೆ, ಮಂಚದ ಕೆಳಗೆ.