ಪೂರಕ ರಕ್ಷಣೆ ರದ್ದಾದ ಪತ್ರ ಬಂದರೆ

ಪ್ರಶ್ನೆ: ನಮ್ಮ ಪಕ್ಕದ ಮನೆಯ ಸಿರಿಯಾದ ಕುಟುಂಬಕ್ಕೆ ಜರ್ಮನಿಯಲ್ಲಿ ಪೂರಕ ರಕ್ಷಣೆ, ಅಂದರೆ ಸಬ್ಸಿಡಿಯೇರರ್ ಶುಟ್ಸ್ (ನಿರಾಶ್ರಿತರೆಂದು ಮಾನ್ಯರಾಗದಿದ್ದರೂ ಊರಿಗೆ ಮರಳಿದರೆ ಗಂಭೀರ ಅಪಾಯವಿರುವವರಿಗೆ ಕೊಡುವ ರಕ್ಷಣೆ), ಸಿಕ್ಕಿತ್ತು. ತಾಯಿಗೆ ತೀರಾ ಹುಷಾರಿಲ್ಲವೆಂದು ಮನೆಯವರು ಕಳೆದ ವರ್ಷ ಊರಿಗೆ ಹೋಗಿಬಂದರು. ಈಗ ಬಾಮ್ಫ್, ಅಂದರೆ ಆಶ್ರಯದ ಅರ್ಜಿಗಳನ್ನು ತೀರ್ಮಾನಿಸುವ ಕೇಂದ್ರ ಕಚೇರಿ, ಅವರ ರಕ್ಷಣೆಯನ್ನು ಹಿಂಪಡೆದಿದೆ. ಅವರ ವಾಸದ ಪರವಾನಗಿಯೂ ಹೋಯಿತೇ? ಈಗೇನು ಮಾಡಬೇಕು?
– ಓದುಗರೊಬ್ಬರು, ಸ್ಟುಟ್‌ಗಾರ್ಟ್

ಉತ್ತರ: ಮೊದಲು ಬಾಮ್ಫ್ ಆದೇಶ ಬಂದ ಹಳದಿ ಲಕೋಟೆಯನ್ನು ಜೋಪಾನ ಮಾಡಿಸಿ. ಅಂಚೆಯವರು ಅದರ ಮೇಲೆ ಬರೆದ ದಿನಾಂಕದಿಂದಲೇ ಗಡುವಿನ ಲೆಕ್ಕ. ಮನೆಯ ಅಂಚೆ ಡಬ್ಬಿಗೆ ಹಾಕಿದರೂ ತಲುಪಿದಂತೆಯೇ. ನೀವು ಯಾವಾಗ ಒಡೆದು ಓದಿದಿರಿ ಎಂಬುದು ಲೆಕ್ಕಕ್ಕಿಲ್ಲ. ಆದೇಶದ ವಿರುದ್ಧ ದಾವೆ ಹೂಡಲು ಇರುವುದು ಎರಡು ವಾರ. ಮಂಗಳವಾರ ಪತ್ರ ಬಂದಿದ್ದರೆ ಎರಡು ವಾರ ಕಳೆದು ಬರುವ ಮಂಗಳವಾರ ಮುಗಿಯುವುದರೊಳಗೆ ದಾವೆ ನ್ಯಾಯಾಲಯಕ್ಕೆ ಮುಟ್ಟಿರಬೇಕು. ಅಂದು ಪೋಸ್ಟ್ ಮಾಡಿದರೆ ಸಾಲದು. ಯುರೋಪಿನ ಹೊಸ ಆಶ್ರಯ ನಿಯಮಗಳು 2026ರ ಜೂನ್ 12ರಿಂದ ಅನ್ವಯ. ಹಾಗಾಗಿ ಗಡುವು ಬೇರೆಯಿರಬಹುದು, ಆದೇಶದ ಕೊನೆಯಲ್ಲಿ ಯಾವ ನ್ಯಾಯಾಲಯ, ಎಷ್ಟು ದಿನ ಎಂದು ಬರೆದಿರುವ ಭಾಗವನ್ನು ತಪ್ಪದೆ ಓದಿಸಿ.

ಬಹಳ ಜನ ಎಡವುವುದು ಇಲ್ಲೇ: ಬಾಮ್ಫ್‌ಗೇ ಆಕ್ಷೇಪಣೆ ಬರೆದು ಉತ್ತರಕ್ಕೆ ಕಾಯುತ್ತಾರೆ. ಆಶ್ರಯ ಪ್ರಕರಣಗಳಲ್ಲಿ ಅಂಥ ಆಕ್ಷೇಪಣೆಗೆ ಅವಕಾಶವೇ ಇಲ್ಲ, ಗಡುವೂ ನಿಲ್ಲುವುದಿಲ್ಲ. ದಾವೆ ಹೋಗಬೇಕಾದ್ದು ಆಡಳಿತ ನ್ಯಾಯಾಲಯಕ್ಕೆ. ಸಾಮಾನ್ಯ ಇಮೇಲ್ ಕೂಡ ನಡೆಯದು.

ಮೊದಲ ಹಂತದಲ್ಲಿ ವಕೀಲರು ಕಡ್ಡಾಯವಲ್ಲ. ಆದೇಶ ಮತ್ತು ಗುರುತಿನ ಚೀಟಿ ಹಿಡಿದು ನ್ಯಾಯಾಲಯದ ರೆಖ್ಟ್ಸ್‌ಆಂಟ್ರಾಗ್‌ಸ್ಟೆಲೆಗೆ, ಅಂದರೆ ಅರ್ಜಿ ಸ್ವೀಕರಿಸುವ ವಿಭಾಗಕ್ಕೆ, ಹೋದರೆ ಅಲ್ಲಿನ ಸಿಬ್ಬಂದಿಯೇ ದಾವೆಯನ್ನು ಬರೆದುಕೊಳ್ಳುತ್ತಾರೆ. ತಾವೇ ಬರೆಯುವುದಾದರೆ ಹೆಸರು, ವಿಳಾಸ, ಕಡತ ಸಂಖ್ಯೆ, ಆದೇಶದ ದಿನಾಂಕ, ಸಹಿ ಇರಲಿ. ಆದೇಶ ರದ್ದುಪಡಿಸಿ ಎಂದು ಕೇಳಿ, ಅದಾಗದಿದ್ದರೆ ವಾಸ ಕಾಯ್ದೆಯ 60ನೇ ಕಲಮಿನ 5 ಮತ್ತು 7ನೇ ಉಪಕಲಮುಗಳಂತೆ ಗಡೀಪಾರಿಗೆ ತಡೆ ಕೊಡಿ ಎಂದೂ ಸೇರಿಸಿ. ನ್ಯಾಯಾಲಯದ ಶುಲ್ಕವಿಲ್ಲ. ವಕೀಲರ ಫೀಸು ಬೇರೆ. ಆದಾಯ ಕಡಿಮೆಯಿದ್ದು ಗೆಲ್ಲುವ ಸಾಧ್ಯತೆ ಕಂಡರೆ ಅದಕ್ಕೆ ಸರ್ಕಾರಿ ನೆರವು ಕೇಳಬಹುದು. ಈ ಪ್ರಕರಣದಲ್ಲಿ ವಕೀಲರನ್ನು ಹಿಡಿಯುವುದೇ ಒಳ್ಳೆಯದು.

ಕಾರಣಗಳನ್ನೂ ಸಾಕ್ಷ್ಯವನ್ನೂ ಆದೇಶ ತಲುಪಿದ ಒಂದು ತಿಂಗಳೊಳಗೆ ಕೊಡಬೇಕು. ನಿಜವಾದ ಹೋರಾಟ ಇರುವುದು ಇಲ್ಲಿ. ಊರಿಗೆ ಹೋಗಿಬಂದವರಿಗೆ ರಕ್ಷಣೆಯ ಅಗತ್ಯ ಮುಗಿಯಿತು ಎಂದು ಕಾನೂನು ಊಹಿಸುತ್ತದೆ. ಹೋಗದೆ ಗತ್ಯಂತರವಿರಲಿಲ್ಲ ಎಂದು ತೋರಿಸಿದರೆ ಆ ಊಹೆ ನಿಲ್ಲುವುದಿಲ್ಲ. ಆಸ್ಪತ್ರೆಯ ದಾಖಲೆ, ತಾಯಿಯ ಸಂಬಂಧ ತೋರಿಸುವ ಕಾಗದ, ಟಿಕೆಟ್, ಎಲ್ಲಿ ಉಳಿದರು, ಯಾರ ಕಣ್ಣಿಗೂ ಬೀಳದೆ ಹೇಗಿದ್ದರು, ಎಲ್ಲವನ್ನೂ ಜರ್ಮನ್ ಅನುವಾದದೊಂದಿಗೆ ಲಗತ್ತಿಸಿ. ಅಸಾದ್ ಸರ್ಕಾರ 2024ರ ಡಿಸೆಂಬರ್ 8ರಂದು ಬಿದ್ದಿತೆಂಬ ಒಂದೇ ಕಾರಣ ರಕ್ಷಣೆ ಹಿಂಪಡೆಯಲು ಸಾಲದು. ಅಲ್ಲಿನ ಪರಿಸ್ಥಿತಿಯ ಬದಲಾವಣೆ ಗಣನೀಯವೂ ತಾತ್ಕಾಲಿಕವಲ್ಲದ್ದೂ ಆಗಿರಬೇಕು. ‘ಸಿರಿಯಾ ಇನ್ನೂ ಅಪಾಯಕಾರಿ’ ಎಂದಷ್ಟೇ ಬರೆದರೆ ದಾವೆ ಸೋಲುತ್ತದೆ. ಅವರ ಊರು, ಪಂಗಡ, ಹಳೆಯ ಕೆಲಸ, ಮನೆ ಉಳಿದಿದೆಯೋ ಇಲ್ಲವೋ, ಇವನ್ನು ಹೇಳಿ. ನ್ಯಾಯಾಲಯ ವಿಚಾರಣೆಯ ದಿನದ ಪರಿಸ್ಥಿತಿಯನ್ನು ನೋಡುವುದರಿಂದ ಹೊಸ ದಾಖಲೆ ಸಿಕ್ಕಂತೆಲ್ಲ ಕಳಿಸುತ್ತಿರಿ.

ಪರವಾನಗಿ ಇವತ್ತೇ ಹೋಗುವುದಿಲ್ಲ. ಅದನ್ನು ರದ್ದು ಮಾಡಬೇಕಾದ್ದು ವಿದೇಶಿಯರ ಕಚೇರಿ, ಬೇರೆಯದೇ ಆದೇಶದ ಮೂಲಕ. ಅವರ ಉದ್ಯೋಗ, ಮಕ್ಕಳ ಶಾಲೆಯನ್ನು ಅಲ್ಲಿ ತೂಗಿ ನೋಡಬೇಕಾಗುತ್ತದೆ. ದಾವೆ ಹೂಡಿದರೆ ಸಾಮಾನ್ಯವಾಗಿ ಬಾಮ್ಫ್ ಆದೇಶ ಜಾರಿಯಾಗದೆ ನಿಲ್ಲುತ್ತದೆ. ಗಂಭೀರ ಅಪರಾಧದ ಕಾರಣಕ್ಕೆ ರಕ್ಷಣೆ ಹಿಂಪಡೆದಿದ್ದರೆ ಮಾತ್ರ ತಡೆಯಾಜ್ಞೆಗೆ ಪ್ರತ್ಯೇಕ ಅರ್ಜಿ ಬೇಕು.

ಪ್ರಶ್ನೆ: ಗಡುವು ದಾಟಿದರೆ?

ಉತ್ತರ: ತಪ್ಪು ತಮ್ಮದಲ್ಲವೆಂದು ತೋರಿಸಬೇಕು. ಅಡ್ಡಿ ನೀಗಿದ ಎರಡು ವಾರದೊಳಗೆ, ಆಸ್ಪತ್ರೆಯಲ್ಲಿದ್ದರೆ ಅದರ ದಾಖಲೆಯೊಂದಿಗೆ, ಅವಧಿ ಮರಳಿಸುವಂತೆ ಅರ್ಜಿ ಹಾಕಿ ದಾವೆಯನ್ನೂ ಜೊತೆಗೇ ಸಲ್ಲಿಸಿ. ಜರ್ಮನ್ ಬರುವುದಿಲ್ಲ ಎಂಬುದೊಂದೇ ಕಾರಣ ಸಾಮಾನ್ಯವಾಗಿ ಸಾಲದು. ಆದೇಶದಲ್ಲಿ ದಾವೆಯ ಸೂಚನೆಯೇ ಇಲ್ಲದಿದ್ದರೆ ಅಥವಾ ತಪ್ಪಾಗಿದ್ದರೆ ಗಡುವು ಒಂದು ವರ್ಷ.